ಅಳಿಯನಾಗುವವನ ಬೋರ್ಡೋ

ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ಕಂಕುಳಲ್ಲಿ ಒತ್ತಿಕೊಂಡು ರೇಣುಕಪ್ರಸಾದ್ ವೈನ್ ಅಂಗಡಿಯ ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ಭಾವೀ ಮಾವ ಎದುರಾದರು.

ಯಾರ ಕಣ್ಣಿಗೂ ಬೀಳಬಾರದೆಂದೇ ಅವನು ಹುಳಿಯಾರಿನಿಂದ ತಿಪಟೂರಿನವರೆಗೆ ಬಂದಿದ್ದ. ಹುಳಿಯಾರಿನಲ್ಲಿ ಅವನು ಪಶುವೈದ್ಯ. ಎಮ್ಮೆಗಳಿಗೂ ಅವನ ಗುರುತಿತ್ತು. ಆದರೆ ತುರುವೇಕೆರೆಯ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯ ಹರಾಜಿನ ದಿನ ತಿಪಟೂರಿಗೆ ಬರುತ್ತಾರೆಂಬುದು ಮರೆತೇಹೋಗಿತ್ತು. ಅವರ ಮಗಳು ಗಾನವಿಯೊಂದಿಗೆ ಇನ್ನು ಹದಿನೈದು ದಿನಕ್ಕೆ ನಿಶ್ಚಿತಾರ್ಥ.

"ಏನಪ್ಪಾ ಅದು?"

"ಬೋ... ಬೋರ್ಡೋ ಮಾವ. ತೆಂಗಿನ ಸುಳಿ ಕೊಳೀತಾ ಐತೆ. ಹೊಡ್ಯಾಣ ಅಂತ."

ಆ ಸೀಮೆಯಲ್ಲಿ ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿ ಮರಕ್ಕೆ ಹೊಡೆಯುವ ನೀಲಿ ಔಷಧಿ. ಮಲ್ಲಿಕಾರ್ಜುನಯ್ಯ ಪೇಪರು ಬಿಚ್ಚಿ, ಬಾಟಲಿಯನ್ನು ಬಿಸಿಲಿಗೆ ಹಿಡಿದರು.

"ಕೆಂಪಗಿರೋ ಬೋರ್ಡೋನಾ?"

ರೇಣುಕಪ್ರಸಾದ್ ಒಪ್ಪಿಕೊಂಡ. "ವೈನು ಮಾವ. ಫ್ರಾನ್ಸ್‌ದು. ಬೋರ್ಡೋ ಅನ್ನೋ ಸೀಮೇದು. ಅಪರೂಪಕ್ಕೆ ಒಂದ್ ಲೋಟ..."

ಮಲ್ಲಿಕಾರ್ಜುನಯ್ಯ ತಮ್ಮ ಕೊಬ್ಬರಿ ಮಂಡಿಯಲ್ಲಿ ಬೀಡಿ ಹಚ್ಚಿದವನನ್ನು ಅವತ್ತೇ ಮನೆಗೆ ಕಳಿಸುವ ಮನುಷ್ಯ. ಮೂಸಿಯೇ ಕೊಬ್ಬರಿಯ ದರ್ಜೆ ಹೇಳುವವರು. ಮೂಗು ಕೆಟ್ಟರೆ ಬದುಕು ಕೆಟ್ಟಿತು ಎನ್ನುವವರು. ಅವರು ಬಾಟಲಿಗೆ ಅಂಟಿಸಿದ ಚೀಟಿಯನ್ನು ಹಿಂದೆ ಮುಂದೆ ಓದಿದರು. ಇಸವಿ ನೋಡಿದರು. ಬುಡ ಸವರಿದರು. ಪೊಲೀಸರೂ ಇಷ್ಟು ತಪಾಸಣೆ ಮಾಡುವುದಿಲ್ಲ ಎನ್ನಿಸಿತು ಅವನಿಗೆ.

"ಎಷ್ಟು ಕೊಟ್ಟೆ?"

"ಮೂರು ಸಾವ್ರದ ಇನ್ನೂರು."

ಮಲ್ಲಿಕಾರ್ಜುನಯ್ಯ ಮೆಟ್ಟಿಲ ಮೇಲೆಯೇ ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ಎದ್ದು, ಬಾಟಲಿಯನ್ನು ತಮ್ಮ ಚೀಲದೊಳಗೆ ಜೋಪಾನವಾಗಿ ಇಳಿಸಿಕೊಂಡರು. "ನಾಳೆ ಬೆಳಗ್ಗೆ ಮನೆತಾವ ಬಾ."

ಬೆಳಗ್ಗೆ ತುರುವೇಕೆರೆಯ ಮನೆಯ ನಡುಮನೆಯಲ್ಲಿ, ಸ್ಟೂಲಿನ ಮೇಲೆ ಬಾಟಲಿ ಕೂತಿತ್ತು. ಸುತ್ತ ಮಲ್ಲಿಕಾರ್ಜುನಯ್ಯ, ಹೆಂಡತಿ ಮೀನಾಕ್ಷಮ್ಮ, ಕಣ್ಣು ಕೆಂಪಾಗಿಸಿಕೊಂಡ ಗಾನವಿ. ಯಾರೂ ಅವನಿಗೆ ಕಾಫಿ ಕೊಡಲಿಲ್ಲ.

"ಮೂರು ತಲೆಮಾರಿಂದ ನಮ್ಮನೇಲಿ ಯಾರೂ ಇಂಥ ಕೆಲಸ ಮಾಡಿಲ್ಲ ಕಣಪ್ಪ," ಎಂದರು ಮಲ್ಲಿಕಾರ್ಜುನಯ್ಯ.

"ತಪ್ಪಾಯ್ತು ಮಾವ. ಇನ್ಮೇಲೆ ಮುಟ್ಟಲ್ಲ."

"ಮುಟ್ಟೋದು ಬುಡೋದು ಆಮೇಲಿನ ಮಾತು. ಓದಿರೋನಲ್ವಾ? ಕಣ್ಣು ಎಲ್ಲಿತ್ತು?"

"ಫ್ರೆಂಡ್ ಒಬ್ಬ ಹೇಳ್ದ..."

"ಯಾರೋ ಹೇಳಿದ್ರು ಅಂತ ಹಾಳಾಗೋನಿಗೆ ಮಗಳನ್ನ ಕೊಟ್ರೆ ಸಂಸಾರ ಉಳೀತದಾ?" ಮಲ್ಲಿಕಾರ್ಜುನಯ್ಯ ಮುಖ ತಿರುಗಿಸಿದರು. "ಈ ಸಂಬಂಧ ಬ್ಯಾಡ."

ಗಾನವಿ ಬಿಕ್ಕಿದಳು. ಮೀನಾಕ್ಷಮ್ಮ ನಡುವೆ ಬಂದರು. "ಅಯ್ಯೋ ಬುಡ್ರೀ, ವಯಸ್ಸಿನ ಹುಡುಗ. ನೀವೂ ಮೊದ್ಲು ಹಿಂಗೇ ಮಾಡ್ಕಂಡು ಬತ್ತಿರ್ಲಿಲ್ವಾ? ತಿದ್ದಿದ್ದು ಯಾರು? ನಾನು."

"ನಾನೂ ಇವರನ್ನ ತಿದ್ಕಂತೀನಿ ಅಪ್ಪಾಜಿ," ಎಂದಳು ಗಾನವಿ.

ರೇಣುಕಪ್ರಸಾದನಿಗೆ ಅಳುವೇ ಬಂತು. ಹಾಯುವ ಹೋರಿಗೆ ಹೆದರದವನು ಕೈಜೋಡಿಸಿ ನಿಂತ. "ದೇವ್ರಮನೇಲಿ ಆಣೆ ಮಾಡ್ತೀನಿ ಮಾವ. ಗಾನವಿ ಬಿಟ್ರೆ ನಂಗೆ ಬೇರೇನೂ ಬೇಡ."

"ಆಣೆಗೀಣೆ ಬ್ಯಾಡ. ಉಳಿಸ್ಕಳಾಕೆ ಆಗ್ದಿರೋ ಆಣೆ ಯಾಕೆ?" ಮಲ್ಲಿಕಾರ್ಜುನಯ್ಯ ಮಗಳ ಮುಖ ನೋಡಿದರು. ನಿಟ್ಟುಸಿರುಬಿಟ್ಟರು. ಟಾರ್ಚು ಕೈಗೆತ್ತಿಕೊಂಡರು. "ಬಾ ನನ್ ಜೊತೆ. ಒಂದೇ ಸಲ ಹೇಳೋದು."

ಹಿತ್ತಲಿನಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದ ಹಗೇವು. ಈಗ ಯಾರೂ ನೆಲದೊಳಗೆ ರಾಗಿ ಇಡುವುದಿಲ್ಲ. ಮಾವ ಮುಚ್ಚಳದ ಕಲ್ಲು ಸರಿಸಿ, ಏಣಿ ಇಳಿಸಿ, ಮೊದಲು ತಾವೇ ಇಳಿದರು. ಇಲ್ಲೇ ಹೂತುಬಿಡುತ್ತಾರೇನೋ ಎಂದುಕೊಳ್ಳುತ್ತ ಅಳಿಯನಾಗುವವನು ಹಿಂದೆಯೇ ಇಳಿದ. ಒಳಗೆ ತಂಪೋ ತಂಪು. ಟಾರ್ಚು ಹತ್ತಿತು. ತೆಂಗಿನ ನಾರಿನ ಹಾಸಿಗೆಯ ಮೇಲೆ, ಸಾಲು ಸಾಲಾಗಿ ಅಡ್ಡ ಮಲಗಿದ್ದವು ಬಾಟಲಿಗಳು. ಎಲ್ಲವೂ ಕೆಂಪು. ಎಲ್ಲವೂ ಬೋರ್ಡೋ.

ಮಲ್ಲಿಕಾರ್ಜುನಯ್ಯ ಒಂದನ್ನೆತ್ತಿ ಅವನ ಕೈಗಿಟ್ಟರು. "ಕುಡಿಯೋದಕ್ಕೆ ಯಾರಪ್ಪ ಬೈದ್ರು? ನಿನ್ನ ಬಾಟ್ಲಿಯ ಪಕ್ಕದೂರಿನ ದ್ರಾಕ್ಷಿ, ಅದೇ ಮಣ್ಣು, ಅಂಗಡೀಲಿ ನೀನು ತಗಂಡಿದ್ದರ ಪಕ್ಕದಲ್ಲೇ ಸಾವ್ರದ ನಾನೂರಕ್ಕೆ ಇದು ಕುಂತಿತ್ತು. ಹಂದನಕೆರೆ ಕೊಬ್ಬರಿಗೆ ತಿಪಟೂರಿನ ಹೆಸರಿಟ್ಟು ಜಾಸ್ತಿ ರೇಟಿಗೆ ಮಾರೋನು ನಾನು. ನನ್ನ ಅಳಿಯ ಆಗೋನು ನೀನು, ಬರೀ ಹೆಸರು ನೋಡಿ ಮೂರು ಸಾವ್ರದ ಇನ್ನೂರು ಸುರಿದು ಬಂದ್ಯಲ್ಲೋ!"