ಒಬ್ಬರಿಗಷ್ಟೇ ಅಡುಗೆ

ಗಂಡಸಿನ ಚಪ್ಪಲಿಯನ್ನು ಮಂಚದಡಿಗೆ ತಳ್ಳುವಷ್ಟರಲ್ಲಿ ಕರೆಗಂಟೆ ಬಡಿಯಿತು. ಗೂಟದಲ್ಲಿದ್ದ ಅಂಗಿಯನ್ನು ಬಾಚಿ ಬೀರುವಿನೊಳಗೆ ತುರುಕಿದಳು. ಹಿಂದಿನ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ದೇವರೇ, ಇನ್ನರ್ಧ ಗಂಟೆ ಒಳಗಿನಿಂದ ಕೆಮ್ಮು ಕೇಳಿಸದಿರಲಿ ಎಂದು ಕೈ ಮುಗಿದಳು.

ಬಂದವಳು ಪಾತ್ರೆ ಕಂಪನಿಯ ಹುಡುಗಿ. ಒಬ್ಬರಿಗೆ ಸಾಲುವಷ್ಟೇ ಪುಟ್ಟ ಪಾತ್ರೆಗಳು ಅವರ ಹೊಸ ಸರಕು. ಮನೆಯೊಡತಿಯ ಬ್ಲಾಗಿನ ಹೆಸರು ‘ಒಬ್ಬರಿಗಷ್ಟೇ ಅಡುಗೆ’.

ಜಾಹೀರಾತಿಗಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಉದ್ದುದ್ದ ಬರಹಗಳನ್ನು ಕತ್ತರಿಸಿದ್ದಳು. ಮಸುಕು ಚಿತ್ರಗಳನ್ನು ಅಳಿಸಿ, ಕಿಟಕಿಯ ಬೆಳಕಿನಲ್ಲಿ ಹೊಸವನ್ನು ತೆಗೆದಿದ್ದಳು. ಪುಟದ ಬಲಗಡೆ ಜಾಹೀರಾತಿಗೆಂದೇ ಜಾಗ ಬಿಟ್ಟಿದ್ದಳು; ಆರು ತಿಂಗಳಾದರೂ ಅದು ಬಾಯಿ ತೆರೆದುಕೊಂಡೇ ಕೂತಿತ್ತು. ಇದೂ ಕೈತಪ್ಪಿದರೆ, ಬಾಡಿಗೆ ಕಟ್ಟಲು ದುಡ್ಡಿಲ್ಲದೆ ಬ್ಲಾಗು ಈ ತಿಂಗಳಿಗೆ ಮುಗಿಯಿತು. ಆಮೇಲೆ ಬ್ಲಾಗಿನ ಓದುಗರ ಹಾಗೆ ‘ಊಟ ಆಯ್ತಾ ಅಕ್ಕಾ’ ಎಂದು ಕೇಳುವ ಜೀವ ಈ ಭೂಮಿಯ ಮೇಲೆ ಒಂದೂ ಇರುವುದಿಲ್ಲ.

“ಓದೋರು ನಿಮ್ಮನ್ನ ನಂಬ್ತಾರೆ ಆಂಟಿ. ನಮಗೆ ಬೇಕಿರೋದೂ ಅದೇ,” ಎಂದಳು ಹುಡುಗಿ. “ಬರೆದಿದ್ದೆಲ್ಲ ನಿಜ ತಾನೆ? ನಾಳೆ ಯಾರಾದ್ರೂ ಸುಳ್ಳು ಅಂದ್ರೆ ನನ್ನ ಕೆಲಸಕ್ಕೇ ಕುತ್ತು.”

“ಒಂದಕ್ಷರಾನೂ ಸುಳ್ಳಿಲ್ಲ ಕಣಮ್ಮ.”

“ಹಾಗಾದ್ರೆ ಅಡುಗೆಮನೆ ತೋರಿಸಿ. ಒಂದು ಫೋಟೊ ತಗೊಂಡು, ಸಹಿ ಹಾಕಿಸ್ಕೊಂಡು ಹೊರಟೆ.”

ಅಡುಗೆಮನೆಯಲ್ಲಿ ಹುಡುಗಿಯ ಕಣ್ಣು ನಿಂತಲ್ಲಿ ನಿಲ್ಲಲಿಲ್ಲ. ಆ ಗೋಡೆಗೊಂದು ಒಲೆ, ಈ ಗೋಡೆಗೊಂದು ಒಲೆ. ಉಪ್ಪಿನ ಡಬ್ಬಿ ಎರಡು. ತಟ್ಟೆ ಎರಡು, ಲೋಟ ಎರಡು. ಚಪ್ಪಲಿ ಬಚ್ಚಿಟ್ಟವಳಿಗೆ ಇವನ್ನು ಬಚ್ಚಿಡಬೇಕೆಂದು ಹೊಳೆದೇ ಇರಲಿಲ್ಲ.

“ಇದೇನು ಆಂಟಿ, ನಿಮ್ಮನೇಲಿ ಉಪ್ಪಿಗೂ ಜೊತೆ ಬೇಕಾ?”

ಅವಳು ನಗಲು ಹೋದಳು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಕೆಮ್ಮು.

ಹುಡುಗಿ ಕರಾರಿನ ಕಾಗದ ಮಡಚಿದಳು. “ಯಜಮಾನ್ರು ಮನೇಲೇ ಇದ್ದಾರೆ. ಎರಡು ಹೊಟ್ಟೆಗೆ ಬೇಯಿಸ್ಕೊಂಡು, ಊರಿಗೆಲ್ಲ ಒಂಟಿ ಅಂತ ಸಾರೋದಾ? ನಾನೂ ನಂಬಿದ್ನಲ್ಲ!”

“ಹಾಗಲ್ಲ ಕಣಮ್ಮ…” ಎಂದು ಅವಳು ಶುರುಮಾಡಿದಳು.

ಬಾಗಿಲು ತೆರೆದು ಗಂಡ ಬಂದ. ತಲೆ ನರೆತಿತ್ತು. ನೀರು ಬಂಡೆಯನ್ನು ಬಳಸಿ ಹರಿಯುವಂತೆ, ನೋಡದೆ ಮುಟ್ಟದೆ ಅವಳನ್ನು ಬಳಸಿ ಹೋದ. ತನ್ನ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತೊಳೆದ. ಆಚೆ ಗೋಡೆಯ ಒಲೆ ಹಚ್ಚಿದ. ಈಚೆ ಒಲೆಯ ಮೇಲೆ ಅವಳ ಹಿಡಿ ಅನ್ನ ಆಗಲೇ ಆರುತ್ತಿತ್ತು.

“ನೀವು ಅವರಿಗೆ ಬಡಿಸಲ್ವಾ?” ಹುಡುಗಿಯ ದನಿ ತಗ್ಗಿತ್ತು.

“ಅವರದು ಅವರಿಗೆ.”

“ಜಗಳಾನಾ?”

“ಆಗಿತ್ತು. ಯಾತಕ್ಕೆ ಅಂತ ಈಗ ನೆನಪಿಲ್ಲಮ್ಮ.”

ಹುಡುಗಿ ಕಾಗದವನ್ನು ಮತ್ತೆ ಬಿಡಿಸಿ, ಸಹಿಯ ಜಾಗದ ಮೇಲೆ ಬೆರಳಿಟ್ಟಳು.

ಹದಿನೇಳು ವರ್ಷಗಳಿಂದ ಆ ಮನೆಯಲ್ಲಿ ದಿನವೂ ಒಬ್ಬರಿಗಷ್ಟೇ ಅಡುಗೆಯಾಗುತ್ತಿತ್ತು, ಎರಡು ಸಲ.