ಎದೆಯ ಕೆಮ್ಮು

ಬೆಳಗಿನಿಂದ ಅವಳು ಕೆಮ್ಮುತ್ತಲೇ ಇದ್ದಳು. ಹೆಣ್ಣು ನೋಡಲು ಗಂಡಿನ ಕಡೆಯವರು ಸಂಜೆ ಬರುವವರಿದ್ದರು. ಕಾಳುಮೆಣಸಿನ ಕಷಾಯ ಕುಡಿಸಿದ್ದಾಯಿತು, ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ನೆಕ್ಕಿಸಿದ್ದಾಯಿತು, ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ಎದೆಗೆ ತಿಕ್ಕಿದ್ದಾಯಿತು. ಕೆಮ್ಮು ಮಾತ್ರ ಜಗ್ಗಲಿಲ್ಲ.

"ಇನ್ನೊಂದು ದಿನ ಬರೋಕೆ ಹೇಳಪ್ಪ," ಎಂದಳು.

"ಅವ್ರು ಆಗ್ಲೇ ಹೊರಟಿದಾರೆ. ಒಂದು ಕೆಮ್ಮಿಗೆ ಸಂಬಂಧ ಬಿಡೋಕಾಗುತ್ತಾ? ಅಮ್ಮಾ, ಇವಳಿಗೆ ಹಬೆ ಕೊಡು," ಎಂದ ಅಪ್ಪ, ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತ.

ಅಜ್ಜಿ ನೀಲಗಿರಿ ಎಲೆ ಹಾಕಿ ಕುದಿಸಿದ ನೀರಿನ ಪಾತ್ರೆ ತಂದಿಟ್ಟಳು. ಮೊಮ್ಮಗಳ ಪಕ್ಕದಲ್ಲೇ ಕೂತು, ಇಬ್ಬರ ತಲೆಯ ಮೇಲೂ ಕಂಬಳಿ ಎಳೆದಳು. ಒಳಗೆ ಕತ್ತಲೆ, ಧಗೆ. ಉಸಿರು ಕಟ್ಟಿ ಹುಡುಗಿ ತಲೆ ಹೊರಹಾಕಲು ನೋಡಿದಳು. ಅಜ್ಜಿ ಅವಳ ಕತ್ತು ಹಿಡಿದು ಮತ್ತೆ ಬಗ್ಗಿಸಿದಳು.

"ಸಾಕು ಬಿಡಜ್ಜಿ."

"ಎಲ್ಲಿ, ಕೆಮ್ಮು ನೋಡೋಣ."

ಅವಳು ಕೆಮ್ಮಿದಳು.

ಅಜ್ಜಿ ಅವಳ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಗಂಟಲಿಂದ ಕೆಮ್ಮಬೇಡ, ಸುಳ್ಳು ಅಂತ ಗೊತ್ತಾಗ್ಬಿಡುತ್ತೆ. ಕಾಫಿ ಕೊಡೋವಾಗ ಎದೆಯಿಂದ ಕೆಮ್ಮು, ಅವ್ರೇ ಎದ್ದು ಹೋಗ್ತಾರೆ. ನಾನು ಗಂಟಲಿಂದ ಕೆಮ್ಮಿದ್ದಕ್ಕೇ ನಿಮ್ಮ ತಾತನ ಕೈಗೆ ಸಿಕ್ಕಿಬಿದ್ದೆ."