ಕೊನೆಯ ಹದಿನಾರು ಪುಟ

ಸೊಸೆ ಪುಸ್ತಕದ ಬೆನ್ನಿಗೆ ಚಾಕು ತಾಗಿಸಿದ್ದಳಷ್ಟೇ, ಅತ್ತೆ ಬಂದು ಕಸಿದುಕೊಂಡರು.

“ಇದನ್ನ ನೀನು ಬಿಚ್ಚಬೇಡ. ನಾನೇ ಹೊಲೀತೀನಿ.”

“ನಿಮಗೆ ಸೂಜಿ ಕಣ್ಣೇ ಕಾಣಲ್ಲ, ಅತ್ತೆ.”

“ಕಾಣಬೇಕಾದ್ದು ಕಾಣುತ್ತೆ, ಬಿಡು.”

ಲೈಬ್ರರಿಯಿಂದ ಅವರ ಬೈಂಡಿಂಗ್ ಅಂಗಡಿಗೆ ಬಂದ ಹಳೆಯ ಕಾದಂಬರಿ ಅದು. ಗಂಡನನ್ನು ಬಿಟ್ಟು ಸಂಗೀತದ ಮೇಷ್ಟರ ಜೊತೆ ಹೊರಟವಳ ಕಥೆ. ಹೊಸ ಲೈಬ್ರರಿಯಮ್ಮ ಚೀಟಿ ಅಂಟಿಸಿದ್ದಳು: ‘ಕೊನೆಯ ಪುಟಗಳು ಹಿಂದುಮುಂದಾಗಿವೆ. ಸರಿಪಡಿಸಿ.’

ಚೀಟಿ ಓದಿದಾಗ ಸೊಸೆಗೆ ಸ್ವರ್ಗಕ್ಕೆ ಮೂರೇ ಗೇಣು. ಮೂವತ್ತು ವರ್ಷದ ಹಿಂದೆ ಇದನ್ನು ಬೈಂಡ್ ಮಾಡಿದ್ದು ಸಾಕ್ಷಾತ್ ಮಾವನವರು! ಒಂದು ಹೊಲಿಗೆ ಸೊಟ್ಟಗಾಯಿತೆಂದು ಹೋದ ವಾರ ಇವಳಿಂದ ಇಡೀ ಪುಸ್ತಕ ಬಿಚ್ಚಿಸಿದ್ದ ಮನುಷ್ಯ. “ನನ್ನ ಕೈಯಲ್ಲಿ ಒಂದು ಹಾಳೆ ಆಚೀಚೆ ಆಗಿಲ್ಲ” ಎನ್ನುವುದೊಂದು ಬಿಟ್ಟರೆ ಅವರ ಬಾಯಿಂದ ಮಾತು ಹೊರಡುವುದೇ ಅಪರೂಪ. ಈ ಸಲ ಸಿಕ್ಕಿಬಿದ್ದರಲ್ಲ!

ಆದರೆ ಅತ್ತೆಗೇಕೆ ಇಷ್ಟು ಗಾಬರಿ? ಪುಸ್ತಕದ ಹಿಂದಿನ ಎರವಲು ಚೀಟಿಯಲ್ಲಿ ವರ್ಷವರ್ಷವೂ ಅತ್ತೆಯದೇ ಸದಸ್ಯ ಸಂಖ್ಯೆ. ಆ ಕಾಲದಲ್ಲಿ ಅಂಗಡಿಗೆ ಬರುತ್ತಿದ್ದ ಕರಡು ತಿದ್ದುವವನು ಹಾಡುತ್ತಿದ್ದನಂತೆ, ನಗಿಸುತ್ತಿದ್ದನಂತೆ. ಪಕ್ಕದ ಮನೆ ಅಜ್ಜಿ ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದಳು. ಪುಸ್ತಕದ ಬೆನ್ನಿನೊಳಗೆ ಪತ್ರವೇನಾದರೂ ಅಡಗಿದ್ದರೆ? ಅದು ಮಾವನವರ ಕೈಗೆ ಸಿಕ್ಕರೆ?

ಮಾವ ರಟ್ಟು ತರಲು ಹೋಗಿದ್ದರು. ಅತ್ತೆ ಪುಸ್ತಕ ಇಟ್ಟು ಸ್ನಾನಕ್ಕೆ ಹೋದದ್ದೇ ತಡ, ಸೊಸೆ ದಾರ ಕತ್ತರಿಸಿದಳು.

ಪತ್ರವಿರಲಿಲ್ಲ. ಹದಿನಾರು ಪುಟಗಳ ಒಂದು ಮಡಿಕೆ ಮಾತ್ರ ತನ್ನ ಜಾಗ ಬಿಟ್ಟು ಕೊನೆಗೆ ಬಂದಿತ್ತು. ಕಥೆಯ ಸರಿಯಾದ ಕ್ರಮದಲ್ಲಿ ನಾಯಕಿ ಮೊದಲು ಮನಸ್ಸು ಬದಲಿಸಿ ಟ್ರಂಕು ಬಿಚ್ಚುತ್ತಾಳೆ, ಬಟ್ಟೆಗಳನ್ನೆಲ್ಲ ಗೂಟಕ್ಕೆ ಹಾಕುತ್ತಾಳೆ. ಮಾರನೆಯ ದಿನ ಮತ್ತೆ ಕಟ್ಟಿಕೊಂಡು ದೋಣಿ ಹತ್ತಿ ಹೋಗೇಬಿಡುತ್ತಾಳೆ. ಮಾವ ಹೊಲಿದ ಪುಸ್ತಕದಲ್ಲಿ ದೋಣಿ ಮೊದಲು ಹೋಗಿ, ಕಥೆ ಗೂಟದ ಮೇಲಿನ ಬಟ್ಟೆಯಲ್ಲಿ ಮುಗಿದಿತ್ತು. ಹೋದವಳು ಮನೆಗೆ ಮರಳಿದ್ದಳು.

“ಬಿಚ್ಚಿಯೇ ಬಿಟ್ಟೆಯಾ?” ಅತ್ತೆ ಒದ್ದೆ ತಲೆಯಲ್ಲೇ ಬಂದು ನಿಂತಿದ್ದರು.

ಸೊಸೆ ಚಾಕುವನ್ನು ಬೆನ್ನ ಹಿಂದೆ ಸರಿಸಿದಳು.

ಅತ್ತೆ ಸ್ಟೂಲೆಳೆದು ಕೂತರು. “ಆ ವಾರ ನಾನೂ ಟ್ರಂಕು ಕಟ್ಟಿಟ್ಟಿದ್ದೆ ಕಣೇ. ಆ ಹಾಡೋನ ಜೊತೆ ಹೋಗೋಕೆ. ಬೈಂಡಾದ ಪುಸ್ತಕ ವಾಪಸ್ ಹೋಗೋ ಮುಂಚೆ ಓದೋದು ನನ್ನ ಚಾಳಿ. ಇದನ್ನೂ ಓದಿದೆ. ಕೊನೆ ಪುಟ ಓದಿ ಎದ್ದುಹೋಗಿ ಟ್ರಂಕು ಬಿಚ್ಚಿದೆ.”

ಸೊಸೆ ಕೈಯಲ್ಲಿದ್ದ ಮಡಿಕೆಯನ್ನು ನೋಡಿದಳು. ಮೂವತ್ತು ವರ್ಷದ ಸಂಸಾರ, ಅದರೊಳಗೆ ತನ್ನ ಗಂಡ, ತಾನು, ಈ ಅಂಗಡಿ, ಎಲ್ಲವೂ ನಿಂತದ್ದು ಮಾವನವರ ಒಂದು ತಪ್ಪು ಹೊಲಿಗೆಯ ಮೇಲೆ! ಅದು ಕಥೆಯ ಕೊನೆಯೇ ಅಲ್ಲವೆಂದು ಈಗ ಯಾವ ಬಾಯಿಂದ ಹೇಳುವುದು? ಲೈಬ್ರರಿಯಮ್ಮನ ಚೀಟಿಯನ್ನು ಮೆಲ್ಲನೆ ಕಿತ್ತು ಮುಷ್ಟಿಯಲ್ಲಿ ಮುದುರಿಕೊಂಡಳು. ಮಾವನನ್ನು ಹಂಗಿಸುವ ಆಸೆಯನ್ನೂ ಅದರ ಜೊತೆಗೇ.

“ಚೆನ್ನಾಗೇ ಇದೆ ಅತ್ತೆ, ದಾರ ಹಳೇದಾಗಿದೆ ಅಷ್ಟೇ. ಇದ್ದ ಹಾಗೇ ಹೊಲೀತೀನಿ.”

ಅತ್ತೆ ಅವಳ ಮುಷ್ಟಿಯನ್ನು ನೋಡಿದರು. ಆಮೇಲೆ ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕೇ ನಕ್ಕರು.

“ಪುಟದ ನಂಬರು ನೋಡದಷ್ಟು ದಡ್ಡಿಯೇನೇ ನಾನು? ‘ಹೋಗಬೇಡ’ ಅಂತ ಒಂದು ಮಾತು ಆಡೋಕೆ ಬರದ ಮನುಷ್ಯ, ಹದಿನಾರು ಪುಟ ಕಿತ್ತು ಕೊನೇಲಿ ಹೊಲಿದು ನನ್ನ ಟ್ರಂಕಿನ ಮೇಲಿಟ್ಟು ಹೋಗಿದ್ರು.”